ಬಟ್ಟೆ ನಡೆಸುವ ಕೈ

ಹೊಲಿಗೆ ಮಷಿನ್ನಿನ ಹಲ್ಲುಗಳನ್ನು ಕೆಲಸದಿಂದ ಬಿಡಿಸಿ, ಬಟ್ಟೆಯನ್ನು ಕೈಯಿಂದಲೇ ಸೂಜಿಯ ಕೆಳಗೆ ನಡೆಸುತ್ತ, ಪದರು ಪದರಾಗಿ ಇಟ್ಟ ಬಟ್ಟೆಗಳನ್ನು ಒಂದಾಗಿಸುವ ಹೊಲಿಗೆಗೆ ಫ್ರೀ ಮೋಷನ್ ಕ್ವಿಲ್ಟಿಂಗ್ ಎಂದು ಹೆಸರು. ಸಾಮಾನ್ಯ ಹೊಲಿಗೆಯಲ್ಲಿ ಸೂಜಿ ಮೇಲೆದ್ದಾಗಲೆಲ್ಲ ತಟ್ಟೆಯ ಸೀಳಿನಿಂದ ಸಾಲು ಹಲ್ಲುಗಳು ಹೊರಬಂದು, ಫೂಟ್ ಅಮುಕಿ ಹಿಡಿದ ಬಟ್ಟೆಯನ್ನು ಕಚ್ಚಿ ಒಂದಿಷ್ಟು ಹಿಂದಕ್ಕೆ ಎಳೆಯುತ್ತವೆ. ಎಷ್ಟು ಎಳೆಯಬೇಕು, ಯಾವ ಕಡೆಗೆ ಎಳೆಯಬೇಕು ಎಂಬುದನ್ನು ಮಷಿನ್ನೇ ನಿರ್ಧರಿಸುತ್ತದೆ. ಹಲ್ಲು ಇಳಿಸಿದ ಮೇಲೆ ಆ ಅಧಿಕಾರ ಕೈಗೆ ಬರುತ್ತದೆ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ, ಸುತ್ತಲಿಗೆ, ಕೈ ಕೊಂಡೊಯ್ದ ಕಡೆಗೆ ದಾರದ ರೇಖೆ ಬೀಳುತ್ತದೆ. ಒಂದೊಂದು ಸ್ಟಿಚ್ಚಿನ ಉದ್ದ ಎಷ್ಟಿರಬೇಕು ಎಂಬುದು ಕೈಯ ವೇಗಕ್ಕೂ ಕಾಲಿನ ವೇಗಕ್ಕೂ ನಡುವಿನ ಲೆಕ್ಕವಾಗುತ್ತದೆ. ಹೊಸದಾಗಿ ಕಲಿಯುವವರು ನಿಜಕ್ಕೂ ಕಲಿಯಬೇಕಾದದ್ದು ಈ ಒಂದು ಲೆಕ್ಕವನ್ನು. ಉಳಿದದ್ದೆಲ್ಲ ಅದಕ್ಕೆ ಬೇಕಾದ ಸಿದ್ಧತೆ.

ಈ ಕೆಲಸಕ್ಕೆ ದುಬಾರಿ ಯಂತ್ರವೂ ಹೊರದೇಶದ ಸಾಮಾನೂ ಬೇಕೆಂಬ ನಂಬಿಕೆ ಬಲವಾಗಿದೆ. ಅದು ತಪ್ಪು. ಬಿ.ಸಿ. ರೋಡು ದಾಟಿ ಕಲ್ಲಡ್ಕದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮುಡಿಪಿಗೆ ರಸ್ತೆ ಕವಲೊಡೆಯುವ ಜಾಗ ಮೆಲ್ಕಾರ್. ಅಲ್ಲಿಯ ಮನೆಗಳಲ್ಲಾಗಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ಮನೆಗಳಲ್ಲಾಗಲಿ ಕಿಟಕಿಯ ಬದಿಗೆ ಒಂದು ಕಪ್ಪು ಬಣ್ಣದ ಕಾಲುಮಷಿನ್ ಇರುವುದು ಅಪರೂಪವಲ್ಲ. ಉಷಾ ಮಷಿನ್ನುಗಳು 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ತಯಾರಾಗತೊಡಗಿದವು. ಸಿಂಗರ್ ಅದಕ್ಕೂ ಹಿಂದಿನದು. ಈ ಕಪ್ಪು ಮಷಿನ್ನು ನೇರ ಹೊಲಿಗೆಯೊಂದನ್ನೇ ಹಾಕುತ್ತದೆ. ಕ್ವಿಲ್ಟಿಂಗಿಗೆ ಬೇಕಾದದ್ದೂ ಅದೊಂದೇ. ಇಷ್ಟೇ ಅಲ್ಲ, ಕಲಿಯುವವರಿಗೆ ಅದರಿಂದ ಎರಡು ದೊಡ್ಡ ಅನುಕೂಲಗಳಿವೆ. ಮಷಿನ್ನಿನ ತಲೆ ಮೇಜಿನ ಹಲಗೆಯೊಳಗೆ ಕೂತಿರುವುದರಿಂದ ಸೂಜಿತಟ್ಟೆ ಮೇಜಿನ ಮಟ್ಟಕ್ಕೇ ಇರುತ್ತದೆ, ಬಟ್ಟೆ ಎಲ್ಲ ಕಡೆಗೂ ತಡೆಯಿಲ್ಲದೆ ಜಾರುತ್ತದೆ. ಮೇಜಿನ ಮೇಲೆ ಇಡುವ ಸಣ್ಣ ಕರೆಂಟು ಮಷಿನ್ನಿನಲ್ಲಿ ತಟ್ಟೆ ಮೇಜಿಗಿಂತ ಕೆಲವು ಇಂಚು ಎತ್ತರದಲ್ಲಿದ್ದು, ಬಟ್ಟೆಯ ಭಾರ ಅಂಚಿನಿಂದ ಕೆಳಗೆ ಜೋತು ಕೈಯನ್ನು ಎಳೆಯುತ್ತದೆ. ಸುತ್ತ ಅದೇ ಎತ್ತರಕ್ಕೆ ಹಲಗೆಯನ್ನೋ ದಪ್ಪ ಪುಸ್ತಕಗಳನ್ನೋ ಜೋಡಿಸಿಕೊಳ್ಳಬೇಕಾಗುತ್ತದೆ. ಎರಡನೆಯ ಅನುಕೂಲ ಮಳೆಗಾಲದ್ದು. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋದರೂ ಕಾಲುಮಷಿನ್ ನಿಲ್ಲುವುದಿಲ್ಲ.

ಹಲ್ಲಿಲ್ಲದೆ ಹೊಲಿಯುವ ವಿದ್ಯೆಯೂ ಈ ಕಡೆಗೆ ಹೊಸತಲ್ಲ. ರವಿಕೆಯ ಕುತ್ತಿಗೆಗೆ, ತಲೆದಿಂಬಿನ ಚೀಲಕ್ಕೆ ಮಷಿನ್ ಎಂಬ್ರಾಯ್ಡರಿ ಹಾಕುವ ಟೈಲರುಗಳು ಮಾಡುವುದು ಇದನ್ನೇ. ಫೂಟ್ ಕಳಚಿ, ಬಟ್ಟೆಯನ್ನು ಮರದ ರಿಂಗಿನಲ್ಲಿ ಬಿಗಿದು, ರಿಂಗನ್ನು ಎರಡು ಕೈಯಿಂದ ಆಡಿಸುತ್ತ ಹೂವು, ಬಳ್ಳಿ ತುಂಬುತ್ತಾರೆ. ಕಾಲುಮಷಿನ್ನಿನಲ್ಲಿ ಹೀಗೆ ಕಸೂತಿ ಮಾಡುವುದನ್ನು ಕಲಿಸುವ ಪುಸ್ತಕಗಳನ್ನು ಸಿಂಗರ್ ಕಂಪನಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಹೊರತಂದಿತ್ತು. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ 1982ರಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯಂಥ ಕಡೆಗಳಲ್ಲಿ ಹೊಲಿಗೆ ಕಲಿತ ಹೆಂಗಸರು ಊರೂರಲ್ಲಿದ್ದಾರೆ. ಮಷಿನ್ ಎಂಬ್ರಾಯ್ಡರಿ ಬಲ್ಲವರೊಬ್ಬರು ಹತ್ತಿರದಲ್ಲಿದ್ದರೆ ಅವರ ಪಕ್ಕದಲ್ಲಿ ಕೂತು ಒಂದು ಮಧ್ಯಾಹ್ನ ನೋಡುವುದು ಎಷ್ಟೋ ವೀಡಿಯೋಗಳಿಗಿಂತ ಮೇಲು. ನೋಡಬೇಕಾದದ್ದು ಹೂವನ್ನಲ್ಲ, ಅವರ ಮೊಣಕೈ ಮತ್ತು ಪಾದವನ್ನು.

ಕರ್ನಾಟಕದಲ್ಲಿ ಪದರು ಬಟ್ಟೆ ಹೊಲಿಯುವ ಹಳೆಯ ಪದ್ಧತಿ ಕೌದಿಯದು. ಧಾರವಾಡ, ಗದಗ, ವಿಜಯಪುರದ ಕಡೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಸೇರಿಸಿ, ಉದ್ದಕ್ಕೂ ಸಾಲು ಹೊಲಿಗೆ ಹಾಕಿ ಗಟ್ಟಿ ಮಾಡುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೌದಿ ತನ್ನದೇ ಚೆಲುವಿನದು. ಅವರು ಅಂಚಿನಿಂದ, ಸಾಮಾನ್ಯವಾಗಿ ಒಂದು ಮೂಲೆಯಿಂದ ತೊಡಗಿ, ತುಂಡುಗಳನ್ನು ಕೂಡಿಸುತ್ತ, ಹೊಲಿಗೆಯ ಸಾಲನ್ನು ಸುತ್ತ ಸುತ್ತ ಒಳಕ್ಕೆ ತಂದು ನಡುವಿನಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ಚೂರುಗಳನ್ನು ಪದರಾಗಿ ಇಟ್ಟು ಹೊಲಿಯುವ ‘ಫೂಲ’ ಇಲ್ಲದೆ ಅವರ ಕೌದಿ ಪೂರ್ತಿಯಾಗುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರುವಲ್ ಈ ಕೌದಿಗಳನ್ನು ಅಧ್ಯಯನ ಮಾಡಿದರು; ಅವರ ಒತ್ತಾಸೆಯಿಂದ 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘವೂ ರೂಪುಗೊಂಡಿತು.

ಮಷಿನ್ನಿನಲ್ಲಿ ಕಲಿಯುವವರು ಸಿದ್ದಿ ಕೌದಿಯಿಂದ ಬಣ್ಣದ ಧೈರ್ಯವನ್ನು ಕಲಿಯಬಹುದು, ಹೊಲಿಯುವ ದಾರಿಯನ್ನು ಮಾತ್ರ ಅಲ್ಲ. ಕೈಹೊಲಿಗೆಯಲ್ಲಿ ಸೂಜಿ ಬಟ್ಟೆಯನ್ನು ತಳ್ಳುವುದಿಲ್ಲ. ಹೊಲಿಯುತ್ತ ಹೊಲಿಯುತ್ತಲೇ ಅಂಗೈಯಿಂದ ಸವರಿ ಒಳಗಿನ ಪದರನ್ನು ಸರಿಪಡಿಸುತ್ತ ಹೋಗಬಹುದು. ಮಷಿನ್ನಿನಲ್ಲಿ ಪ್ರತಿ ಸಾಲು ಹೊಲಿಗೆಯೂ ಮೇಲಿನ ಪದರನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಅಂಚಿನಿಂದ ತೊಡಗಿದರೆ ಆ ಹೆಚ್ಚುವರಿ ಬಟ್ಟೆಯೆಲ್ಲ ನಡುವಿಗೆ ಬಂದು ಗುಳ್ಳೆಯಾಗಿ ಉಬ್ಬಿ ನಿಲ್ಲುತ್ತದೆ, ಕೊನೆಗೆ ನೆರಿಗೆಯಾಗಿ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ನಡುವಿನಿಂದ ಹೊರಗೆ ಹೊಲಿದರೆ ಅದು ಅಂಚಿಗೆ ಹೋಗುತ್ತದೆ. ಅಂಚನ್ನು ಕೊನೆಗೆ ಕತ್ತರಿಸಿ ಸಮ ಮಾಡಲಿಕ್ಕಿದೆ. ಹೀಗಾಗಿ ಮಷಿನ್ ಕೆಲಸ ಯಾವಾಗಲೂ ನಡುವಿನಿಂದ ಹೊರಕ್ಕೆ.

ಮಷಿನ್ನಿನ ಸಿದ್ಧತೆಗೆ ಬಂದರೆ, ಮೊದಲ ಕೆಲಸ ಹಲ್ಲು ಇಳಿಸುವುದು. ಕೆಲವು ಮಷಿನ್ನುಗಳಲ್ಲಿ ಇದಕ್ಕೊಂದು ತಿರುಪು ಇದೆ, ತಲೆಯನ್ನು ಹಿಂದಕ್ಕೆ ಮಗುಚಿದರೆ ಅಡಿಯಲ್ಲಿ ಸಿಗುತ್ತದೆ. ಅದಿಲ್ಲದ ಮಷಿನ್ನಿಗೆ ಹಲ್ಲುಗಳನ್ನು ಮುಚ್ಚುವ ಸಣ್ಣ ತಟ್ಟೆ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅದೂ ಇಲ್ಲವಾದರೆ ಸ್ಟಿಚ್ಚಿನ ಉದ್ದವನ್ನು ಸೊನ್ನೆಗೆ ತಂದರೆ ಸಾಕು. ಹಲ್ಲುಗಳು ಇದ್ದಲ್ಲೇ ಮೇಲೆ ಕೆಳಗೆ ಆಡುತ್ತವೆ, ಬಟ್ಟೆಯನ್ನು ಎಳೆಯುವುದಿಲ್ಲ. ಬಟ್ಟೆ ಸ್ವಲ್ಪ ಉಜ್ಜಿದಂತಾಗುವುದು ನಿಜ, ಕಲಿಕೆಗೆ ಅದರಿಂದ ತೊಂದರೆಯಿಲ್ಲ.

ಮಾಮೂಲಿ ಫೂಟ್ ಕಳಚಿ ಅದರ ಜಾಗಕ್ಕೆ ಸ್ಪ್ರಿಂಗ್ ಇರುವ ಡಾರ್ನಿಂಗ್ ಫೂಟ್ ಹಾಕಬೇಕು. ಸೂಜಿ ಮೇಲೆದ್ದಾಗ ಅದೂ ಮೇಲೆದ್ದು ಬಟ್ಟೆಗೆ ಸರಿಯಲು ಜಾಗ ಬಿಡುತ್ತದೆ. ಸೂಜಿ ಇಳಿದಾಗ ಕೆಳಗೆ ಬಂದು ಬಟ್ಟೆಯನ್ನು ತಟ್ಟೆಗೆ ಒತ್ತುತ್ತದೆ. ಟೈಲರುಗಳು ಫೂಟ್ ಇಲ್ಲದೆಯೇ ಹೊಲಿಯಬಲ್ಲರು. ರಿಂಗು ಬಟ್ಟೆಯನ್ನು ಬಿಗಿಯಾಗಿ ಹಿಡಿದಿರುತ್ತದೆ, ಅವರ ಬೆರಳಿಗೆ ಸೂಜಿಯ ದೂರ ಗೊತ್ತಿರುತ್ತದೆ. ಹೊಸಬರು ಹಾಗೆ ಮಾಡಬಾರದು. ಸೂಜಿ ಬೆರಳಿನ ಉಗುರಿನ ಮೂಲಕ ಹಾದುಹೋಗಲು ಒಂದು ಕ್ಷಣ ಸಾಕು. ಫೂಟ್ ಬೆರಳಿಗೊಂದು ಗಡಿಯೂ ಹೌದು.

ಫೂಟ್ ಎತ್ತುವ ಹಿಡಿಯ ವಿಷಯದಲ್ಲಿ ಹೊಸಬರಲ್ಲಿ ಹೆಚ್ಚಿನವರು ಎಡವುತ್ತಾರೆ. ಡಾರ್ನಿಂಗ್ ಫೂಟ್ ಹಾಕಿದಾಗ, ಅಥವಾ ಫೂಟನ್ನೇ ತೆಗೆದಾಗ, ಬಟ್ಟೆ ಹೇಗೂ ಸಡಿಲವಾಗಿಯೇ ಇರುತ್ತದೆ. ಹಿಡಿ ಇಳಿಸಬೇಕೆಂಬುದು ಮರೆತುಹೋಗುತ್ತದೆ. ಆದರೆ ಆ ಹಿಡಿ ಮೇಲಿರುವಷ್ಟು ಹೊತ್ತು ಟೆನ್ಷನ್ ಬಿಲ್ಲೆಗಳು ತೆರೆದುಕೊಂಡಿರುತ್ತವೆ, ಮೇಲಿನ ದಾರಕ್ಕೆ ಬಿಗಿಯೇ ಇರುವುದಿಲ್ಲ. ಹತ್ತು ಸ್ಟಿಚ್ಚು ಹಾಕುವಷ್ಟರಲ್ಲಿ ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಸುತ್ತಿಕೊಂಡು ಮಷಿನ್ ಕಚ್ಚಿ ನಿಲ್ಲುತ್ತದೆ. ಅಡಿಯಲ್ಲಿ ಕಂಡ ಗಂಟು ಬಾಬಿನ್ನಿನ ದೋಷವೆಂದುಕೊಂಡು ಬಾಬಿನ್ ಕೇಸಿನ ಸ್ಕ್ರೂ ತಿರುಗಿಸತೊಡಗಿದರೆ ಸರಿಯಿದ್ದದ್ದೂ ಕೆಡುತ್ತದೆ. ಅಡಿಯಲ್ಲಿ ಗಂಟು ಕಂಡರೆ ಮೇಲಿನ ದಾರವನ್ನು ನೋಡಬೇಕು ಎಂಬುದು ಇಲ್ಲಿ ಮೊದಲ ನಿಯಮ. ಅಡಿಯ ದಾರ ಚುಕ್ಕಿಚುಕ್ಕಿಯಾಗಿ ಮೇಲೆ ಇಣುಕಿದರೆ ಮೇಲಿನ ಬಿಗಿ ಹೆಚ್ಚಾಗಿದೆ, ಸ್ವಲ್ಪ ಸಡಿಲಿಸಬೇಕು. ಮೇಲಿನ ದಾರ ಅಡಿಯಲ್ಲಿ ಕುಣಿಕೆಯಾಗಿ ಬಿದ್ದರೆ ಬಿಗಿ ಸಾಲದು. ಎರಡೂ ಸಮವಿದ್ದಾಗ ದಾರಗಳು ಪದರುಗಳ ನಡುವೆಯೇ ಕೂಡಿಕೊಳ್ಳುತ್ತವೆ, ಎರಡು ಬದಿಯೂ ಒಂದೇ ಥರ ಕಾಣುತ್ತದೆ. ಕಲಿಯುವಾಗ ಮೇಲಿಗೂ ಅಡಿಗೂ ಒಂದೇ ಬಣ್ಣದ, ಒಂದೇ ದಪ್ಪದ ದಾರ ಹಾಕುವುದು ಒಳ್ಳೆಯದು. ಬಿಗಿಯ ಸಣ್ಣಪುಟ್ಟ ಏರುಪೇರು ಎದ್ದು ಕಾಣದೆ ಮನಸ್ಸು ಹೊಲಿಗೆಯ ಮೇಲೆ ನಿಲ್ಲುತ್ತದೆ.

ಸೂಜಿ 14 ನಂಬರಿನದು ತೆಳು ಪದರಿಗೆ ಸರಿ, ದಪ್ಪಕ್ಕೆ 16. ಸೂಜಿಯ ಉದ್ದ ಗೀರು ದಾರ ಒಳಹೋಗುವ ಬದಿಗೆ ಇರಬೇಕು. ಪದರು ಬಟ್ಟೆಯನ್ನು ಎಲ್ಲ ದಿಕ್ಕಿಗೂ ಎಳೆಯುವ ಈ ಕೆಲಸದಲ್ಲಿ ಸೂಜಿ ಬೇಗ ಬಾಗುತ್ತದೆ, ಮೊನೆ ಮೊಂಡಾಗುತ್ತದೆ. ಟಪಟಪ ಎಂಬ ಸದ್ದು ಜೋರಾದರೆ ಸೂಜಿ ಬದಲಿಸಬೇಕೆಂದು ಅರ್ಥ. ಹಳೆಯ ಸೂಜಿಯನ್ನೇ ಉಳಿಸಿ ಉಳಿಸಿ ಹೊಲಿಯುವುದು ಮಿತವ್ಯಯವಲ್ಲ. ದಾರ ಕಡಿಯುವುದಕ್ಕೂ ಸ್ಟಿಚ್ಚು ತಪ್ಪುವುದಕ್ಕೂ ಹೆಚ್ಚಿನ ಸಲ ಕಾರಣ ಅದೇ. ಶಟಲಿನ ಸುತ್ತ ಹತ್ತಿಯ ನಾರು ಬೇಗ ತುಂಬುತ್ತದೆ. ಹೊಲಿಯಲು ಕೂರುವ ಮೊದಲು ಬ್ರಶ್ಶಿನಿಂದ ಗುಡಿಸಿ ಒಂದು ತೊಟ್ಟು ಎಣ್ಣೆ ಬಿಡಬೇಕು. ಎಣ್ಣೆ ಬಿಟ್ಟ ಮೇಲೆ ಬೇಡದ ಚಿಂದಿಯಲ್ಲಿ ಕೆಲವು ಸಾಲು ಹೊಲಿದು ಬಳಿಕವೇ ಒಳ್ಳೆಯ ಬಟ್ಟೆಗೆ ಕೈಹಾಕಬೇಕು.

ಬಟ್ಟೆಯ ಆಯ್ಕೆಯಲ್ಲಿ ಕರಾವಳಿಯ ಹವೆಯನ್ನು ಮರೆಯುವಂತಿಲ್ಲ. ಚಳಿದೇಶಗಳ ಕ್ವಿಲ್ಟಿನ ನಡುವಿನ ಪದರು ದಪ್ಪ ಹತ್ತಿಯದೋ ಉಣ್ಣೆಯದೋ ಆಗಿರುತ್ತದೆ. ಬಂಟ್ವಾಳದ ಸೆಕೆಗೆ ಅಂಥ ಹೊದಿಕೆಯನ್ನು ಹೊದೆಯುವವರು ಯಾರು? ಅದು ಒಂದೇ ಮಳೆಗಾಲದಲ್ಲಿ ಹಸಿ ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಫೈಬರ್ ಹಾಳೆ ಬೇಗ ಒಣಗುತ್ತದೆ, ಆದರೆ ಸೆಕೆ. ಉಬ್ಬು ಹೆಚ್ಚಿರುವುದರಿಂದ ಹೊಸಬರ ಕೈಗೆ ನಿಲ್ಲುವುದೂ ಇಲ್ಲ. ಇಲ್ಲಿಗೆ ತಕ್ಕದ್ದು ಹಳೆಯ ಹತ್ತಿ ಬಟ್ಟೆ. ನಡುವಿಗೆ ಮೆತ್ತಗಾದ ಬೈರಾಸು, ಹಳೆಯ ಮುಂಡು, ಲುಂಗಿ. ಮೇಲಿಗೂ ಅಡಿಗೂ ಹತ್ತಿ ಸೀರೆ. ಉಟ್ಟು ಒಗೆದು ಹಳತಾದ ಕೈಮಗ್ಗದ ಉಡುಪಿ ಸೀರೆ ಈ ಕೆಲಸಕ್ಕೆ ಸಿಗಬಹುದಾದ ಬಟ್ಟೆಗಳಲ್ಲಿ ಬಹಳ ಶ್ರೇಷ್ಠ. ಅದರ ಹತ್ತಿ ನೂಲು ತೆಳ್ಳಗೆ, ನೇಯ್ಗೆ ಸಮ. ಬಣ್ಣ ಬಿಡುವುದೂ ಕುಗ್ಗುವುದೂ ಯಾವತ್ತೋ ಮುಗಿದಿರುತ್ತದೆ. ಮೂಡುಬಿದಿರೆಗೆ ಹತ್ತಿರದ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘ ಈ ನೇಯ್ಗೆಯನ್ನು ಉಳಿಸಿಕೊಂಡು ಬಂದ ಸಂಘಗಳಲ್ಲೊಂದು. ಹೊಸ ಬಟ್ಟೆಯನ್ನೇ ಬಳಸುವುದಾದರೆ ಮೊದಲು ನೆನೆಸಿ ಒಗೆದು ಒಣಗಿಸಬೇಕು. ಇಲ್ಲದಿದ್ದರೆ ಹೊಲಿದ ಮೇಲಿನ ಮೊದಲ ಒಗೆತದಲ್ಲೇ ಒಂದು ಪದರು ಕುಗ್ಗಿ ಮತ್ತೊಂದು ಮುದುಡುತ್ತದೆ.

ಪದರುಗಳನ್ನು ಜೋಡಿಸಲು ಗುಡಿಸಿ ಒರೆಸಿದ ನೆಲ ಬೇಕು. ಅಡಿಯ ಬಟ್ಟೆಯನ್ನು ಉಲ್ಟಾ ಬದಿ ಮೇಲಾಗಿ ಹಾಸಿ, ಸುಕ್ಕಿಲ್ಲದಂತೆ ಎಳೆದು, ನಾಲ್ಕು ಕಡೆಗೂ ಅಂಟುಪಟ್ಟಿಯಿಂದ ನೆಲಕ್ಕೆ ಅಂಟಿಸಬೇಕು. ಬಿಗಿಯಾಗಿ ಎಳೆಯಬಾರದು, ಎಳೆದ ಬಟ್ಟೆ ಬಿಡಿಸಿಕೊಂಡ ಕೂಡಲೇ ಹಿಂದಕ್ಕೆ ಕುಗ್ಗಿ ಮೇಲಿನ ಪದರನ್ನು ಸುಕ್ಕಾಗಿಸುತ್ತದೆ. ಅದರ ಮೇಲೆ ನಡುಪದರು, ಆಮೇಲೆ ಮೇಲ್ಬಟ್ಟೆ. ಅಡಿಯದೂ ನಡುವಿನದೂ ಮೇಲ್ಬಟ್ಟೆಗಿಂತ ಎರಡೆರಡು ಇಂಚು ಹೊರಗೆ ಚಾಚಿರಲಿ. ಬಳಿಕ ನಡುವಿನಿಂದ ಅಂಚಿನ ಕಡೆಗೆ, ಅಂಗೈಯಗಲಕ್ಕೊಂದರಂತೆ ಪಿನ್ನು ಚುಚ್ಚಬೇಕು. ಅಂಗೈ ಎಲ್ಲಿಟ್ಟರೂ ಒಂದು ಪಿನ್ನು ತಾಗಬೇಕು ಎಂಬುದು ಲೆಕ್ಕ. ಕಚ್ಚಾ ಹೊಲಿಗೆ ಹಾಕುವವರಿಗೆ ಪಿನ್ನು ಬೇಡ, ಮತ್ತು ಮಳೆಗಾಲದಲ್ಲಿ ಅದೇ ಮೇಲು. ಜೂನ್ ತಿಂಗಳಲ್ಲಿ ಪಿನ್ನು ಚುಚ್ಚಿಟ್ಟ ಬಟ್ಟೆಯನ್ನು ಬೇರೆ ಕೆಲಸದ ನಡುವೆ ಮರೆತರೆ ಪ್ರತಿ ಪಿನ್ನಿನ ಜಾಗದಲ್ಲೂ ತುಕ್ಕಿನ ಕಲೆ ಉಳಿಯುತ್ತದೆ, ಅದು ಒಗೆದರೆ ಹೋಗುವುದಿಲ್ಲ.

ಮಷಿನ್ನಿನ ಮುಂದೆ ಕೂರುವ ಮೊದಲು ರೇಖೆ ಕೈಗೆ ಬರಬೇಕು. ಫ್ರೀ ಮೋಷನ್ ಹೊಲಿಗೆಯ ವಿನ್ಯಾಸವೆಲ್ಲ ಕಡಿಯದ ಗೆರೆಯದು. ಗೆರೆ ಎಲ್ಲೆಲ್ಲಿ ಕಡಿಯುತ್ತದೋ ಅಲ್ಲೆಲ್ಲ ದಾರ ಕತ್ತರಿಸಿ, ಗಂಟು ಹಾಕಿ, ಮತ್ತೆ ತೊಡಗಬೇಕು. ಹಾಗಾಗಿ ಪೆನ್ಸಿಲ್ ಎತ್ತದೆ ಪುಟ ತುಂಬಿಸುವುದು ಮೊದಲ ಪಾಠ. ಮೊದಲನೆಯ ವಿನ್ಯಾಸ ಹಾವಿನ ಹರಿದಾಟದಂಥ ಬಳುಕು ಗೆರೆ: ಎಲ್ಲೂ ತನ್ನನ್ನೇ ದಾಟದೆ, ಎಲ್ಲೂ ಚೂಪಾಗದೆ, ಜಾಗವನ್ನೆಲ್ಲ ಸಮವಾಗಿ ತುಂಬುವುದು. ಇದು ಸುಲಭವೆಂದು ಎಲ್ಲರೂ ಹೇಳುತ್ತಾರೆ. ನಿಜಕ್ಕೂ ಅದು ಸುಲಭದ್ದಲ್ಲ. ಮುಂದೆ ಎಲ್ಲಿಗೆ ಹೋಗಬೇಕೆಂದು ಪ್ರತಿ ತಿರುವಿನಲ್ಲೂ ತೀರ್ಮಾನಿಸಬೇಕು, ಮೂಲೆಗೆ ಸಿಕ್ಕಿಬಿದ್ದರೆ ಹೊರಬರುವ ದಾರಿಯಿಲ್ಲ. ಅದಕ್ಕಿಂತ ಕುಣಿಕೆ ಗೆರೆ ಹೊಸಬರಿಗೆ ಸಲೀಸು. ಅದರಲ್ಲಿ ಗೆರೆ ತನ್ನನ್ನೇ ದಾಟಬಹುದು.

ಕನ್ನಡ ಓದುಬರಹ ಬಲ್ಲವರಿಗೆ ಇನ್ನೂ ಒಳ್ಳೆಯ ಅಭ್ಯಾಸ ಕೈಯಲ್ಲೇ ಇದೆ. ಕನ್ನಡದ ಅಕ್ಷರಗಳಲ್ಲಿ ಮೂಲೆಗಳು ಕಡಿಮೆ, ದುಂಡು ಹೆಚ್ಚು. ‘ಲ’ ಅಕ್ಷರವನ್ನು ಪೆನ್ಸಿಲ್ ಎತ್ತದೆ ಒಂದರ ಬೆನ್ನಿಗೊಂದು ಸಾಲಾಗಿ ಬರೆದರೆ ಅದೇ ಒಂದು ಅಂಚಿನ ವಿನ್ಯಾಸ. ‘ಣ’ ಬರೆದರೆ ಒಂದೇ ಅಕ್ಷರದಲ್ಲಿ ಹಲವು ತಿರುವು ಸಿಗುತ್ತವೆ. ತಲೆಕಟ್ಟಿರುವ ಅಕ್ಷರಗಳಲ್ಲಿ ತಲೆಕಟ್ಟಿಗೆ ಹೋಗಬೇಕಾದರೆ ಬಂದ ಗೆರೆಯ ಮೇಲೆಯೇ ಹಿಂದಕ್ಕೆ ನಡೆದು ಮೇಲೇರಬೇಕು. ಹೊಲಿಗೆಯಲ್ಲಿ ಹೀಗೆ ಹಾಕಿದ ಗೆರೆಯ ಮೇಲೆ ಮತ್ತೆ ಹಾಯುವುದು ಬಹಳ ಬೇಕಾಗುವ ಕೌಶಲ. ‘ಮೆಲ್ಕಾರ್’ ಎಂದು ಹೊಲಿಯುವವರು ‘ಲ’ ಮುಗಿಸಿ ಕೆಳಗಿನ ಕ ಒತ್ತಿಗೆ ಇಳಿದು, ಮತ್ತೆ ಮೇಲೆ ಬಂದು, ಮುಂದಿನ ಅಕ್ಷರಕ್ಕೆ ದಾಟಬೇಕು. ‘ಬಂಟ್ವಾಳ’ದಲ್ಲಿ ಸೊನ್ನೆ ಬೇರೆಯಾಗಿ ನಿಲ್ಲುತ್ತದೆ, ಅಲ್ಲಿಗೆ ಕಿರುದಾರಿಯೊಂದನ್ನು ಹುಡುಕಬೇಕು. ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಕೈಬರಹದ ಚೆಂದದಲ್ಲಿ ಹೊಲಿಯಬಲ್ಲವರು ಬೇರೆ ಯಾವ ವಿನ್ಯಾಸವನ್ನೂ ಹೊಲಿಯಬಲ್ಲರು. ಬಾಲ್ಯದಲ್ಲಿ ಕಾಪಿ ಬರೆದ ಕೈ ಆ ತಿರುವುಗಳನ್ನು ಮರೆತಿರುವುದಿಲ್ಲ.

ಅಕ್ಷರದ ನಂತರ ಎಲೆ. ವೀಳ್ಯದೆಲೆಯ ಆಕಾರ ಹೊಲಿಗೆಗೆ ಹೇಳಿಮಾಡಿಸಿದ್ದು: ತೊಟ್ಟಿನಿಂದ ಒಂದು ಬದಿ ಏರಿ, ತುದಿ ಮುಟ್ಟಿ, ಇನ್ನೊಂದು ಬದಿಯಿಂದ ಇಳಿದು, ನಡುನರದ ಮೇಲೆ ಹೋಗಿ ಬಂದರೆ ಗೆರೆ ಮತ್ತೆ ತೊಟ್ಟಿಗೇ ಸೇರುತ್ತದೆ, ಅಲ್ಲಿಂದ ಬಳ್ಳಿಯಾಗಿ ಮುಂದಕ್ಕೆ ಸಾಗುತ್ತದೆ. ಪಾಶ್ಚಾತ್ಯ ಕ್ವಿಲ್ಟುಗಳಲ್ಲಿ ಹಕ್ಕಿಯ ಗರಿ ಬಹಳ ಪ್ರಸಿದ್ಧ ವಿನ್ಯಾಸ. ಅಡಿಕೆ ತೋಟದ ನಡುವೆ ಬೆಳೆದವರು ಅದನ್ನು ಸೋಗೆಯೆಂದು ಭಾವಿಸಿ ಹೊಲಿದರೆ ಕೈ ತಾನಾಗಿ ಹರಿಯುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಹದಿನೈದನೆಯ ಶತಮಾನದ್ದು. ಅದರ ಕಂಬಗಳ ಕೆತ್ತನೆ ಒಂದರಂತೆ ಇನ್ನೊಂದಿಲ್ಲ ಎಂಬುದು ಪ್ರಸಿದ್ಧ; ಅವುಗಳ ನಡುವೆ ಹೆಣೆದ ಗಂಟಿನ ಅಲಂಕಾರಗಳೂ ಇವೆ. ಗೆರೆ ಎಲ್ಲಿ ಮೇಲೆ ಹೋಗುತ್ತದೆ, ಎಲ್ಲಿ ಅಡಿಗೆ ಹೋಗುತ್ತದೆ, ಹೇಗೆ ತಾನು ಹೊರಟಲ್ಲಿಗೇ ಬಂದು ಸೇರುತ್ತದೆ ಎಂದು ಅಲ್ಲಿ ನಿಂತು ಬೆರಳಾಡಿಸಿ ನೋಡಿದರೆ ಒಂದು ಪುಸ್ತಕ ಓದಿದಷ್ಟು ಕಲಿಯಬಹುದು. ನಾಗಮಂಡಲದ ಗಂಟುಗಳೂ ಅಂಥವೇ, ಆದರೆ ಪೂಜೆಯ ರೇಖೆಯನ್ನು ಹಾಸಿ ಮಲಗುವ ಬಟ್ಟೆಗೆ ತರುವುದು ಸರಿಯಲ್ಲ. ನೋಡಿ ಕಲಿಯುವುದಕ್ಕೆ ಅಡ್ಡಿಯಿಲ್ಲ.

ಕಾಗದದ ಮೇಲೆ ಪೆನ್ಸಿಲ್ ಓಡುತ್ತದೆ. ಮಷಿನ್ನಿನಲ್ಲಿ ಸೂಜಿ ನಿಂತಲ್ಲೇ ನಿಲ್ಲುತ್ತದೆ, ಓಡುವುದು ಬಟ್ಟೆ. ಬಲಕ್ಕೆ ಗೆರೆ ಬೇಕಾದರೆ ಬಟ್ಟೆ ಎಡಕ್ಕೆ ಹೋಗಬೇಕು. ಈ ಅದಲುಬದಲು ಮೊದಮೊದಲು ತಲೆ ಕೆಡಿಸುತ್ತದೆ. ಇದಕ್ಕೊಂದು ಅಭ್ಯಾಸವುಂಟು: ಒಬ್ಬರು ಪೆನ್ಸಿಲನ್ನು ಅಲುಗದಂತೆ ಹಿಡಿಯುವುದು, ಇನ್ನೊಬ್ಬರು ಅದರ ಅಡಿಯಲ್ಲಿ ಕಾಗದ ಸರಿಸಿ ತಮ್ಮ ಹೆಸರು ಬರೆಯುವುದು. ಮಕ್ಕಳಿರುವ ಮನೆಯಲ್ಲಿ ಇದು ಆಟವೂ ಆಗುತ್ತದೆ. ಅದಾದ ಮೇಲೆ ಮಷಿನ್ನಿಗೆ ದಾರವಿಲ್ಲದ ಹಳೆಯ ಸೂಜಿ ಹಾಕಿ, ನೋಟ್‌ಬುಕ್ಕಿನ ಹಾಳೆಯನ್ನು ಹೊಲಿಯಬಹುದು. ತೂತುಗಳ ನಡುವಿನ ದೂರ ಸ್ಟಿಚ್ಚಿನ ಉದ್ದವನ್ನು ಕಣ್ಣಿಗೆ ತೋರಿಸುತ್ತದೆ.

ಇನ್ನು ಕೈಗೂ ಕಾಲಿಗೂ ನಡುವಿನ ಆ ಲೆಕ್ಕ. ನೋಡಲು ಚೆನ್ನಾಗಿರುವ ಸ್ಟಿಚ್ಚು ಸುಮಾರು ಎರಡೂವರೆ ಮಿಲಿಮೀಟರಿನದು, ಅಂದರೆ ಇಂಚಿಗೆ ಹತ್ತು. ಮಷಿನ್ ನಿಮಿಷಕ್ಕೆ 600 ಸ್ಟಿಚ್ಚು ಹಾಕುತ್ತಿದ್ದರೆ ಸೆಕೆಂಡಿಗೆ ಹತ್ತಾಯಿತು. ಕೈ ಸೆಕೆಂಡಿಗೆ ಒಂದು ಇಂಚು ನಡೆಯಬೇಕು. ಕಾಲು ನಿಧಾನಿಸಿ 300ಕ್ಕೆ ಇಳಿದರೆ ಕೈ ಅರ್ಧ ಇಂಚಿಗೆ ಇಳಿಯಬೇಕು. ಹೆದರಿಕೆಯಿಂದ ಕಾಲು ತುಂಬ ನಿಧಾನ ಮಾಡುವುದು ಹೊಸಬರ ಸ್ವಭಾವ. ಆದರೆ ಕಾಲು ತೀರ ನಿಧಾನವಾದರೆ ಕೈ ನಡುಗುತ್ತದೆ, ಗೆರೆ ಮುರಿಮುರಿಯಾಗುತ್ತದೆ. ಕಾಲು ಒಂದು ಹದವಾದ ಓಟದಲ್ಲಿದ್ದು ಅದು ಬದಲಾಗದೆ ಇರಬೇಕು, ಕೈ ನಿಧಾನವಾಗಿರಬೇಕು. ಮಷಿನ್ನಿನ ಸದ್ದನ್ನು ಕೇಳುತ್ತ ಹೊಲಿದರೆ ಇದು ಬೇಗ ಕೂಡಿಬರುತ್ತದೆ. ಸದ್ದು ಏರಿಳಿಯದೆ ಸಮವಾಗಿದ್ದರೆ ಕಾಲು ಸರಿಯಿದೆ, ಗಮನವನ್ನೆಲ್ಲ ಕೈಗೆ ಕೊಡಬಹುದು. ಕಾಲುಮಷಿನ್ನಿನಲ್ಲಿ ಇನ್ನೊಂದು ತೊಡಕಿದೆ: ತೊಡಗುವಾಗ ಚಕ್ರ ಹಿಂದಕ್ಕೆ ತಿರುಗಿದರೆ ದಾರ ಕಡಿಯುತ್ತದೆ. ಬಲಗೈಯಿಂದ ಚಕ್ರವನ್ನು ತನ್ನ ಕಡೆಗೆ ತಿರುಗಿಸಿ ಆಮೇಲೆ ಪೆಡಲ್ ತುಳಿಯುವುದು ರೂಢಿಯಾಗಬೇಕು.

ವೇಗ ತಪ್ಪುವುದು ತಿರುವಿನಲ್ಲಿ. ನೇರದಲ್ಲಿ ಸಮವಾಗಿ ಬಂದ ಕೈ ಬಳುಕಿನಲ್ಲಿ ತಟ್ಟನೆ ಬೀಸುತ್ತದೆ. ಆಗ ಮೇಲಿನ ದಾರ ಕಟ್ಟಿಕೊಳ್ಳುವ ಮೊದಲೇ ಬಟ್ಟೆ ಎಳೆದುಹೋಗಿ, ಅಡಿಯಲ್ಲಿ ತಿರುವಿನ ಒಳಬದಿಗೆ ರೆಪ್ಪೆಗೂದಲಿನಂಥ ಎಳೆಗಳು ಸಾಲಾಗಿ ನಿಲ್ಲುತ್ತವೆ. ಇದು ಟೆನ್ಷನ್ನಿನ ದೋಷದಂತೆ ಕಾಣುತ್ತದೆ, ಹೆಚ್ಚಿನ ಸಲ ಕೈಯ ದೋಷ. ತಿರುವಿನಲ್ಲಿ ಕೈ ನಿಧಾನವಾಗಿರಲಿ, ಕಾಲು ನಿಧಾನವಾಗುವುದು ಬೇಡ. ಚೂಪು ತುದಿಯಲ್ಲಿ ಒಂದು ಸ್ಟಿಚ್ಚಿನಷ್ಟು ಹೊತ್ತು ನಿಂತು ಹೊರಟರೆ ತುದಿ ಚೂಪಾಗಿ ಉಳಿಯುತ್ತದೆ; ಹೆಚ್ಚು ನಿಂತರೆ ಅಲ್ಲೇ ದಾರದ ಗುಪ್ಪೆ. ಕಣ್ಣು ಸೂಜಿಯನ್ನು ನೋಡುತ್ತಿರಬಾರದು. ಸೂಜಿ ಎಲ್ಲಿದೆಯೆಂಬುದು ಗೊತ್ತೇ ಇದೆ. ಮುಂದೆ ಹೋಗಬೇಕಾದ ಜಾಗವನ್ನು ನೋಡಬೇಕು.

ಕೈಗಳನ್ನು ಸೂಜಿಯ ಎರಡು ಬದಿಗೆ, ಹೆಬ್ಬೆರಳು ತೋರುಬೆರಳುಗಳು ಚೌಕಟ್ಟಿನಂತೆ ಇರುವ ಹಾಗೆ, ಬಟ್ಟೆಯ ಮೇಲೆ ಚಪ್ಪಟೆಯಾಗಿ ಇಡಬೇಕು. ಆ ಚೌಕಟ್ಟಿನೊಳಗಿನ ಒಂದು ಗೇಣು ಜಾಗವಷ್ಟೇ ಒಂದು ಸಲದ ಹೊಲಿಗೆಗೆ. ಅದು ಮುಗಿದಾಗ ಸೂಜಿ ಬಟ್ಟೆಯೊಳಗೆ ಇಳಿದಿರುವಂತೆ ನಿಲ್ಲಿಸಿ, ಕೈಗಳನ್ನು ಹೊಸ ಜಾಗಕ್ಕೆ ಸರಿಸಿ, ಭುಜ ಸಡಿಲಿಸಿ, ಮತ್ತೆ ಹೊರಡಬೇಕು. ಹೊಲಿಯುತ್ತಲೇ ಕೈ ಬದಲಿಸಲು ಹೋದರೆ ಗೆರೆ ಅಲ್ಲಿ ಕುಲುಕುತ್ತದೆ. ಬಟ್ಟೆಯನ್ನು ತಿರುಗಿಸುವುದು ಬೇಡ, ಇದ್ದ ಹಾಗೆಯೇ ನಾಲ್ಕು ದಿಕ್ಕಿಗೂ ಸರಿಸುವುದು ಈ ಹೊಲಿಗೆಯ ಕ್ರಮ. ಬೆರಳು ಜಾರದಿರಲು ರಬ್ಬರ್ ಚುಕ್ಕಿಯ ಕೈಗವಸು ಸಿಗುತ್ತದೆ. ಸೆಕೆಗೆ ಅದು ಹಿಂಸೆ. ನೋಟು ಎಣಿಸುವವರು ಬಳಸುವ ರಬ್ಬರ್ ಬೆರಳುಟೋಪಿಗಳನ್ನು ಎರಡೆರಡು ಬೆರಳಿಗೆ ಹಾಕಿಕೊಂಡರೆ ಸಾಕಾಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಬೆವರು ಬಟ್ಟೆಗೆ ಹತ್ತದಂತೆ ಪಕ್ಕದಲ್ಲೊಂದು ಬೈರಾಸು ಇರಲಿ.

ಪ್ರತಿ ಗೆರೆಯ ಆರಂಭದಲ್ಲಿ ಒಂದು ಸ್ಟಿಚ್ಚು ಹಾಕಿ, ಮೇಲಿನ ದಾರ ಎಳೆದು, ಅಡಿಯ ದಾರವನ್ನು ಮೇಲೆ ತರಬೇಕು. ಎರಡನ್ನೂ ಬೆರಳಲ್ಲಿ ಹಿಡಿದುಕೊಂಡು ಒಂದೇ ಜಾಗದ ಸುತ್ತ ನಾಲ್ಕೈದು ಕಿರು ಸ್ಟಿಚ್ಚು ಹಾಕಿದರೆ ಅದು ಬಿಚ್ಚುವುದಿಲ್ಲ. ಮುಗಿಸುವಾಗಲೂ ಹೀಗೆಯೇ.

ಕಲಿಕೆಯ ಮೊದಲ ತುಂಡು ಹನ್ನೆರಡು ಇಂಚು ಚೌಕದ್ದಾಗಿದ್ದರೆ ಒಳ್ಳೆಯದು. ಅಂಥ ಕೆಲವನ್ನು ಹೊಲಿದ ಮೇಲೆ ದಿಂಬಿನ ಚೀಲ, ಆಮೇಲೆ ಮಗುವಿನ ಹಾಸು, ಅಂದರೆ ಒಂದು ಗಜ ಚೌಕ. ಸೂಜಿಗೂ ಮಷಿನ್ನಿನ ಕಂಬಕ್ಕೂ ನಡುವಿನ ಜಾಗ ಕಿರಿದು, ದೊಡ್ಡ ಹೊದಿಕೆಯನ್ನು ಅಲ್ಲಿ ಸುರುಳಿ ಸುತ್ತಿ ತುರುಕಬೇಕಾಗುತ್ತದೆ. ಅದು ಬಲದ ಕೆಲಸ, ಹೊಸಬರದಲ್ಲ. ಚೌಕಗಳನ್ನು ಬಿಸಾಡಬಾರದು, ಒಂದಕ್ಕೊಂದು ಜೋಡಿಸಿದರೆ ಕೈ ಹೇಗೆ ಪಳಗಿತು ಎಂಬುದರ ದಾಖಲೆಯಾಗಿ ಹೊದಿಕೆಯೊಂದು ತಾನೇ ಆಗುತ್ತದೆ.

ಮಷಿನ್ನಿನಲ್ಲಿ ಹೊಲಿದದ್ದು ನಿಜವಾದ ಕ್ವಿಲ್ಟೇ ಅಲ್ಲ ಎಂಬ ವಾದ ಅಮೆರಿಕದಲ್ಲೂ ಬಹಳ ಕಾಲ ನಡೆದಿತ್ತು. ಕೆಂಟಕಿಯ ಪಡೂಕಾದಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ ನಡೆಸುವ ಪ್ರದರ್ಶನದ ಅತ್ಯುತ್ತಮ ಬಹುಮಾನ 1989ರಲ್ಲಿ ಮೊದಲ ಸಲ ಮಷಿನ್ ಕ್ವಿಲ್ಟೊಂದಕ್ಕೆ ಸಿಕ್ಕಿತು: ಕ್ಯಾರಿಲ್ ಬ್ರಯರ್ ಫಾಲರ್ಟ್ ಅವರ ‘ಕೊರೊನಾ II: ಸೋಲಾರ್ ಎಕ್ಲಿಪ್ಸ್’. ಅಲ್ಲಿಂದ ವಾದದ ಬಿಸಿ ಇಳಿಯಿತು. ಕರ್ನಾಟಕದಲ್ಲಿ ಆ ವಾದ ಬೇಕಿಲ್ಲ. ಕೈಯ ಕೌದಿ ಅದರ ಜಾಗದಲ್ಲಿ ದೊಡ್ಡದು, ಅದನ್ನು ಮಷಿನ್ನು ಅನುಕರಿಸಲಾರದು, ಅನುಕರಿಸಬೇಕಾಗಿಯೂ ಇಲ್ಲ.

ಹೊಲಿದು ಮುಗಿದ ತುಂಡಿನ ಅಂಚನ್ನು ಸ್ಕೇಲ್ ಇಟ್ಟು ನೇರ ಕತ್ತರಿಸಿ, ಎರಡೂವರೆ ಇಂಚು ಅಗಲದ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಮೇಲ್ಬದಿಗೆ ಹೊಲಿದು, ಹಿಂದಕ್ಕೆ ಮಗುಚಿ ಕೈಯಿಂದ ಅಡಗುಹೊಲಿಗೆ ಹಾಕಬೇಕು. ಈ ಹೊತ್ತಿಗೆ ಹಲ್ಲುಗಳನ್ನು ಮತ್ತೆ ಮೇಲಕ್ಕೆ ತಂದಿರಬೇಕು, ಮಾಮೂಲಿ ಫೂಟ್ ಹಾಕಿರಬೇಕು. ಸೀರೆಯ ಅಂಚನ್ನೇ ಪಟ್ಟಿಯಾಗಿ ಬಳಸಿದರೆ ಚೆಂದವೂ ಗಟ್ಟಿಯೂ ಆಗುತ್ತದೆ. ಒಗೆಯುವುದು ತಣ್ಣೀರಿನಲ್ಲಿ, ಹಿಂಡದೆ. ಮೂರು ಪದರು ಹತ್ತಿ ಮಳೆಗಾಲದಲ್ಲಿ ಒಂದೆರಡು ದಿನಕ್ಕೆ ಒಣಗುವುದಿಲ್ಲ, ಆದ್ದರಿಂದ ಒಗೆತವನ್ನು ಮೇ ತಿಂಗಳೊಳಗೆ ಮುಗಿಸಿ, ಬಿಸಿಲಲ್ಲಿ ಎರಡೂ ಬದಿ ಕಾಯಿಸಿ, ಪೂರ್ತಿ ಆರಿದ ಮೇಲೆ ಮಡಚಿಡಬೇಕು. ನಡುಮಳೆಯಲ್ಲಿ ಬಿಸಿಲು ಬಿದ್ದ ದಿನ ಕಪಾಟಿನಿಂದ ತೆಗೆದು ಗಾಳಿಗೆ ಹರವಿ, ಮಡಿಕೆಯ ಗೆರೆ ಬದಲಿಸಿ ಮತ್ತೆ ಒಳಗಿಟ್ಟರೆ ಬಟ್ಟೆ ಹಲವು ವರ್ಷ ಬಾಳುತ್ತದೆ.